ಮರಕೈಬೊ ದಂಡೆಯವರು ಕೊಟ್ಟ ರಕ್ತ

1968. ಅಮೆರಿಕದ ಲಾಸ್ ಏಂಜಲೀಸ್ ನಗರ. ಐವತ್ತು ದಾಟಿದ ಹೆಂಗಸೊಬ್ಬರು ಬೆಳಿಗ್ಗೆ ಹೊತ್ತು ರಸ್ತೆ ದಾಟುತ್ತಿದ್ದರು. ಹೆಜ್ಜೆ ನೆಟ್ಟಗೆ ಬೀಳುತ್ತಿರಲಿಲ್ಲ, ಮೈ ಅತ್ತಿತ್ತ ವಾಲುತ್ತಿತ್ತು. ನೋಡಿದ ಪೊಲೀಸಿನವನು ತಡೆದು ನಿಲ್ಲಿಸಿ, ಇಷ್ಟು ಬೆಳಿಗ್ಗೆಯೇ ಕುಡಿದು ಬಂದಿದ್ದೀರಲ್ಲ, ನಾಚಿಕೆ ಆಗಲ್ವಾ ಎಂದು ಗದರಿದ.

ಆಕೆ ಕುಡಿದಿರಲಿಲ್ಲ. ಹೆಸರು ಲಿಯೊನೋರ್ ವೆಕ್ಸ್ಲರ್. ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಮಾಡಿದ್ದವರು. ಅವರ ತಂದೆ ಹೀಗೆಯೇ ವಾಲಾಡುತ್ತಾ, ಕೊನೆಗೆ ಬುದ್ಧಿಯ ಹಿಡಿತವೂ ತಪ್ಪಿ ಸತ್ತಿದ್ದರು. ಮೂವರು ಸೋದರರಿಗೂ ಅದೇ ಕಾಯಿಲೆ ಬಂದಿತ್ತು. ಇದು ಗಂಡಸರಿಗೆ ಮಾತ್ರ ಬರುವಂಥದ್ದು ಎಂದು ಆಕೆಗೆ ಚಿಕ್ಕಂದಿನಲ್ಲಿ ಯಾರೋ ಹೇಳಿದ್ದರು. ಅದು ಸುಳ್ಳು.

ಕಾಯಿಲೆಯ ಹೆಸರು ಹಂಟಿಂಗ್ಟನ್. ಸಾಮಾನ್ಯವಾಗಿ ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೊದಲು ಕೈಬೆರಳು ತಾವಾಗಿಯೇ ಆಡುತ್ತವೆ, ಆಮೇಲೆ ಕೈಕಾಲು, ಮುಖ, ನಾಲಿಗೆ. ನೋಡುವವರಿಗೆ ಕುಣಿದಂತೆ ಕಾಣುತ್ತದೆ. ಸಿಟ್ಟು, ಮಂಕುತನ, ಮರೆವು ಕೆಲವರಿಗೆ ಅದಕ್ಕೂ ಮೊದಲೇ ಬಂದಿರುತ್ತವೆ. ಮಾತು ತೊದಲುತ್ತದೆ, ಅನ್ನ ನುಂಗುವುದು ಕಷ್ಟವಾಗುತ್ತದೆ. ಹದಿನೈದು ಇಪ್ಪತ್ತು ವರ್ಷ ಹೀಗೆ ಸವೆದು ಸಾವು. ಗುಣಪಡಿಸುವ ಮದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಅದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ. ತಾಯಿಗೋ ತಂದೆಗೋ ಈ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. ಗಂಡು ಹೆಣ್ಣು ಭೇದವಿಲ್ಲ. ಆದರೆ ಲಕ್ಷಣ ಕಾಣುವಷ್ಟರಲ್ಲಿ ಮದುವೆಯಾಗಿ ಮಕ್ಕಳೂ ಹುಟ್ಟಿರುತ್ತವೆ.

ಲಿಯೊನೋರ್‌ಗೆ ಇಬ್ಬರು ಹೆಣ್ಣುಮಕ್ಕಳು, ಆಲಿಸ್ ಮತ್ತು ನ್ಯಾನ್ಸಿ. ಅವರ ತಂದೆ ಮಿಲ್ಟನ್ ವೆಕ್ಸ್ಲರ್ ಹೆಸರಾಂತ ಮನೋವಿಶ್ಲೇಷಕ. ಅಷ್ಟು ಹೊತ್ತಿಗೆ ಗಂಡ ಹೆಂಡತಿ ಬೇರೆಯಾಗಿದ್ದರು. ಆದರೂ ಸುದ್ದಿ ತಿಳಿದಾಗ ಮಿಲ್ಟನ್ ಮಕ್ಕಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು: ನಿಮ್ಮ ಅಮ್ಮನಿಗೆ ಇದು ಬಂದಿದೆ, ನಿಮಗೂ ಬರಬಹುದು, ಅರ್ಧಕ್ಕರ್ಧ. ಅದೇ ವರ್ಷ ಅವರು ಶುರು ಮಾಡಿದ ಕೆಲಸವೇ ಮುಂದೆ 'ಹೆರಿಡಿಟರಿ ಡಿಸೀಸ್ ಫೌಂಡೇಶನ್' ಆಯಿತು. ಅಂದರೆ ಆನುವಂಶಿಕ ಕಾಯಿಲೆಗಳ ಪ್ರತಿಷ್ಠಾನ. ಎರಡು ಮಕ್ಕಳ ಜೀವ ಉಳಿಸಿಕೊಳ್ಳಬೇಕೆಂಬ ಅಪ್ಪನ ಹಟದಿಂದ ಹುಟ್ಟಿದ ಸಂಸ್ಥೆ ಅದು.

ಕಾಯಿಲೆ ಹೊಸದಲ್ಲ. 1872ರಲ್ಲೇ ಜಾರ್ಜ್ ಹಂಟಿಂಗ್ಟನ್ ಎಂಬ ಇಪ್ಪತ್ತೆರಡು ವರ್ಷದ ವೈದ್ಯ ಇದರ ಬಗ್ಗೆ ಚಿಕ್ಕದೊಂದು ಲೇಖನ ಬರೆದಿದ್ದ. ಅಷ್ಟು ಚಿಕ್ಕ ವಯಸ್ಸಿಗೆ ಅವನಿಗೆ ಹೇಗೆ ಗೊತ್ತಾಯಿತು ಅಂತೀರಾ? ಅವನ ತಾತ, ಅಪ್ಪ ಇಬ್ಬರೂ ನ್ಯೂಯಾರ್ಕ್ ಬಳಿಯ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನಲ್ಲಿ ವೈದ್ಯರಾಗಿದ್ದರು. ಮೂರು ತಲೆಮಾರು ಅದೇ ಮನೆಗಳಿಗೆ ಔಷಧ ಕೊಡುತ್ತಾ, ಯಾರ ಅಜ್ಜನಿಗೆ ಬಂದಿತ್ತು, ಯಾರ ಮೊಮ್ಮಗನಿಗೆ ಬಂತು ಎಂದು ಕಣ್ಣಾರೆ ಕಂಡಿದ್ದರು. ವಂಶದಲ್ಲಿ ಇಳಿದು ಬರುತ್ತದೆ ಎಂದು ಅವನು ಖಚಿತವಾಗಿ ಬರೆಯಲು ಸಾಧ್ಯವಾದದ್ದು ಹಾಗೆ. ಆಮೇಲೆ ಸುಮಾರು ನೂರು ವರ್ಷ ದೊಡ್ಡ ಪ್ರಗತಿ ಏನೂ ಆಗಲಿಲ್ಲ. ಕಾಯಿಲೆ ಅಪರೂಪದ್ದು. ಅಪರೂಪದ ಕಾಯಿಲೆಗೆ ಯಾರೂ ದುಡ್ಡು ಸುರಿಯುವುದಿಲ್ಲ.

ಮೊದಲು ದನಿ ಎತ್ತಿದವರು ಮಾರ್ಜೊರಿ ಗತ್ರಿ. ಅವರ ಮಾಜಿ ಗಂಡ ವುಡಿ ಗತ್ರಿ ಅಮೆರಿಕದ ದೊಡ್ಡ ಜನಪದ ಹಾಡುಗಾರ, ಕೂಲಿಕಾರರ ಪರವಾಗಿ ಹಾಡು ಕಟ್ಟಿದವನು. ಅವನನ್ನೂ ಜನ ಕುಡುಕ ಎಂದೇ ತಿಳಿದಿದ್ದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದು 1967ರಲ್ಲಿ ಹಂಟಿಂಗ್ಟನ್‌ನಿಂದಲೇ ತೀರಿಕೊಂಡ. ಮಾರ್ಜೊರಿ ಅದೇ ವರ್ಷ ರೋಗಿಗಳ ಕುಟುಂಬಗಳನ್ನು ಒಟ್ಟುಗೂಡಿಸುವ ಸಮಿತಿ ಕಟ್ಟಿದರು. ಮಿಲ್ಟನ್ ಮೊದಲು ಅವರ ಜೊತೆಗೇ ಕೆಲಸ ಮಾಡಿದರು. ಆದರೆ ಇಬ್ಬರ ದಾರಿ ಬೇರೆ. ಮನೆಯಲ್ಲಿರುವ ರೋಗಿಯ ಆರೈಕೆ ಹೇಗೆ, ಕುಟುಂಬಕ್ಕೆ ಆಸರೆ ಯಾರು ಎಂಬುದು ಮಾರ್ಜೊರಿಯ ಚಿಂತೆ. ಕಾಯಿಲೆಯ ಬೇರು ಎಲ್ಲಿದೆ ಎಂಬುದೊಂದೇ ಮಿಲ್ಟನ್‌ರ ಚಿಂತೆ. ಈ ಎರಡು ದಾರಿಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮಿಲ್ಟನ್ ವಿಜ್ಞಾನಿಯಲ್ಲ. ಕೈಯಲ್ಲಿ ಹೇಳಿಕೊಳ್ಳುವಷ್ಟು ದುಡ್ಡೂ ಇರಲಿಲ್ಲ. ಆದರೆ ಅವರ ಬಳಿ ಮಾತಾಡಿಸಿಕೊಳ್ಳಲು ಬರುತ್ತಿದ್ದವರಲ್ಲಿ ಹಾಲಿವುಡ್‌ನವರು, ಕಲಾವಿದರು ಇದ್ದರು. ಜೆನಿಫರ್ ಜೋನ್ಸ್‌ರಂಥ ತಾರೆ, ಫ್ರಾಂಕ್ ಗೆಹ್ರಿಯಂಥ ವಾಸ್ತುಶಿಲ್ಪಿ ಈ ಕೆಲಸದ ಬೆನ್ನಿಗೆ ನಿಂತರು. ದುಡ್ಡನ್ನು ದೊಡ್ಡ ಹೆಸರಿನ ಪ್ರೊಫೆಸರ್‌ಗಳಿಗೆ ಕೊಟ್ಟು ಕೂರುವ ಬದಲು ಮಿಲ್ಟನ್ ಬೇರೆ ಉಪಾಯ ಮಾಡಿದರು. ಚಿಕ್ಕ ವಯಸ್ಸಿನ ವಿಜ್ಞಾನಿಗಳನ್ನು ಹತ್ತಿಪ್ಪತ್ತು ಜನರ ಗುಂಪಾಗಿ ಕರೆಸುವುದು. ಬರೆದು ತಂದ ಭಾಷಣ ಓದುವಂತಿಲ್ಲ, ಸ್ಲೈಡ್ ತೋರಿಸುವಂತಿಲ್ಲ. ಜಗಲಿಕಟ್ಟೆಯ ಮಾತಿನ ಹಾಗೆ ಬಾಯಿಗೆ ಬಂದ ಯೋಚನೆಯನ್ನೆಲ್ಲ ಹೊರಹಾಕಬೇಕು. ಸಭೆ ಶುರುವಾಗುವ ಮುಂಚೆ ಹಂಟಿಂಗ್ಟನ್ ಇರುವವರೊಬ್ಬರು ಬಂದು ತಮ್ಮ ಪಾಡು ಹೇಳುತ್ತಿದ್ದರು. ಪ್ರಯೋಗಾಲಯದಲ್ಲಿ ಇಲಿ, ನೊಣ, ಬ್ಯಾಕ್ಟೀರಿಯಾ ನೋಡಿಕೊಂಡಿದ್ದ ಹುಡುಗರಿಗೆ ಅದು ನಾಟುತ್ತಿತ್ತು.

1979ರ ಅಂಥದೊಂದು ಸಭೆಯಲ್ಲಿ ಹೊಸ ವಿಚಾರವೊಂದು ಚರ್ಚೆಗೆ ಬಂತು. ಮನುಷ್ಯನ ಡಿಎನ್‌ಎಯಲ್ಲಿ ಅಲ್ಲಲ್ಲಿ ಒಬ್ಬರಿಂದೊಬ್ಬರಿಗೆ ಸಣ್ಣ ವ್ಯತ್ಯಾಸಗಳಿವೆ. ಇವನ್ನು ಹೊಲದ ಬಾಂದುಕಲ್ಲಿನ ಹಾಗೆ ಗುರುತಾಗಿ ಬಳಸಬಹುದಲ್ಲ? ಒಂದು ವಂಶದಲ್ಲಿ ಕಾಯಿಲೆ ಬಂದವರೆಲ್ಲರಲ್ಲೂ ಒಂದೇ ಗುರುತು ಕಂಡರೆ, ಕಾಯಿಲೆಯ ಜೀನ್ ಆ ಕಲ್ಲಿನ ಹತ್ತಿರವೇ ಎಲ್ಲೋ ಇದೆ ಎಂದರ್ಥ. ಕೇಳಲು ಸುಲಭ. ಆದರೆ ಆಗ ಬಾಂದುಕಲ್ಲುಗಳೇ ಬಹಳ ಕಡಿಮೆ ಗೊತ್ತಿದ್ದವು. ಹತ್ತಾರು ವರ್ಷ ಹಿಡಿದೀತು ಎಂದು ತಲೆಯಾಡಿಸಿದವರೂ ಇದ್ದರು. ಇನ್ನೊಂದು ತೊಡಕು: ಇದಕ್ಕೆ ದೊಡ್ಡ ಕುಟುಂಬ ಬೇಕು. ಹತ್ತಿಪ್ಪತ್ತು ಜನ ಸಾಲದು, ನೂರಾರು ಜನ ಬೇಕು, ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ದಾಯಾದಿಗಳು ಎಲ್ಲರೂ.

ಅಂಥ ಕುಟುಂಬ ಇತ್ತು. ಅಮೆರಿಕದಲ್ಲಲ್ಲ, ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ, ಮರಕೈಬೊ ಸರೋವರದ ದಂಡೆಯಲ್ಲಿ.

ಮರಕೈಬೊ ಅಂದರೆ ಎಣ್ಣೆ. ಸರೋವರದ ನೀರಿನಲ್ಲೇ ಕೊಳವೆ ಇಳಿಸಿ ಪೆಟ್ರೋಲಿಯಂ ತೆಗೆದು ವೆನೆಜುವೆಲಾ ಶ್ರೀಮಂತವಾಯಿತು. ಅದೇ ದಂಡೆಯ ಬರಾಂಕ್ವಿಟಾಸ್, ಲಗುನೇಟಾಸ್‌ನಂಥ ಊರುಗಳಲ್ಲಿ ಮೀನು ಹಿಡಿದು ಬದುಕುವ ಬಡವರಿದ್ದರು. ಲಗುನೇಟಾಸ್‌ನಲ್ಲಿ ಮನೆಗಳು ನೀರಿನ ಮೇಲೆ, ಮರದ ಕಂಬಗಳ ಮೇಲೆ ನಿಂತಿದ್ದವು. ದೋಣಿಯಲ್ಲೇ ಹೋಗಬೇಕು. ಈ ಜನ ಕಾಯಿಲೆಯನ್ನು 'ಎಲ್ ಮಾಲ್' ಎನ್ನುತ್ತಿದ್ದರು. ಕೇಡು ಎಂದರ್ಥ. ಬೇರೆ ದೇಶದ ನಾವಿಕನೊಬ್ಬ ತಂದು ಬಿಟ್ಟು ಹೋದದ್ದು ಎಂದು ಕತೆ ಹೇಳುತ್ತಿದ್ದರು. ವಂಶವೃಕ್ಷ ಹಿಂದಕ್ಕೆ ಹಿಡಿದು ಹೋದರೆ 1800ರ ಆರಂಭದ ಕಾಲದ ಮರಿಯಾ ಕಾನ್ಸೆಪ್ಸಿಯೋನ್ ಸೋಟೋ ಎಂಬ ಹೆಂಗಸಿನವರೆಗೆ ಹೋಗಿ ನಿಲ್ಲುತ್ತದೆ.

ಇದು ಹಂಟಿಂಗ್ಟನ್ ಎಂದು ಗುರುತಿಸಿದವರು ಅಮೆರಿಕದವರಲ್ಲ. 1950ರ ದಶಕದಲ್ಲಿ ಮರಕೈಬೊ ನಗರದ ಸಾನ್ ಲೂಯಿಸ್ ಬಡಾವಣೆಗೆ ಕೆಲಸಕ್ಕೆ ಬಂದ ಸ್ಥಳೀಯ ವೈದ್ಯ ಅಮೆರಿಕೊ ನೆಗ್ರೆಟ್. ಬೀದಿಯಲ್ಲಿ ತೂರಾಡುವವರನ್ನು ಕಂಡು ಅವರೂ ಮೊದಲು ಕುಡುಕರೆಂದೇ ತಿಳಿದರು. ಅಲ್ಲ ಡಾಕ್ಟ್ರೆ, ಅದು ಕಾಯಿಲೆ ಎಂದು ಊರವರೇ ತಿದ್ದಿದರು. ನೆಗ್ರೆಟ್ ಆ ಮಾತನ್ನು ತಳ್ಳಿಹಾಕದೆ ಮನೆಮನೆ ಸುತ್ತಿದರು, 1955ರಲ್ಲಿ ವರದಿ ಮಾಡಿದರು. ಸ್ಪ್ಯಾನಿಷ್‌ನಲ್ಲಿದ್ದ ಆ ಕೆಲಸವನ್ನು ಹೊರಜಗತ್ತು ಗಮನಿಸಲಿಲ್ಲ. 1972ರಲ್ಲಿ, ಹಂಟಿಂಗ್ಟನ್ ಲೇಖನಕ್ಕೆ ನೂರು ವರ್ಷ ತುಂಬಿದ ಸಭೆ ಅಮೆರಿಕದ ಓಹಿಯೋದಲ್ಲಿ ನಡೆದಾಗ, ನೆಗ್ರೆಟ್ ಶಿಷ್ಯ ರಮೋನ್ ಆವಿಲಾ ಹಿರೋನ್ ಒಂದು ಕಪ್ಪುಬಿಳುಪು ಸಿನಿಮಾ ತೋರಿಸಿದರು. ಒಂದೇ ಊರಿನಲ್ಲಿ ಅಷ್ಟೊಂದು ಜನ ಕುಣಿಯುವಂತೆ ನಡೆಯುವುದನ್ನು ಕಂಡು ಸಭೆ ದಂಗಾಯಿತು. ನ್ಯಾನ್ಸಿ ವೆಕ್ಸ್ಲರ್ ಅಲ್ಲಿ ಕೂತಿದ್ದರು.

ನ್ಯಾನ್ಸಿ ಆಗ ಮನಶ್ಶಾಸ್ತ್ರ ಓದುತ್ತಿದ್ದ ಹುಡುಗಿ. 1978ರಲ್ಲಿ ತಾಯಿ ತೀರಿಕೊಂಡರು. ಮರು ವರ್ಷ ಅವರು ಮೊದಲ ಸಲ ವೆನೆಜುವೆಲಾಕ್ಕೆ ಹೋದರು. 1981ರಿಂದ ಪ್ರತಿ ವರ್ಷ ತಂಡ ಕಟ್ಟಿಕೊಂಡು ಹೋಗುವುದು ಶುರುವಾಯಿತು. ದುಡ್ಡು ಅಮೆರಿಕ ಸರ್ಕಾರದ್ದೂ ಇತ್ತು, ಪ್ರತಿಷ್ಠಾನದ್ದೂ ಇತ್ತು. ಮೊದಲಿಗೆ ಅವರು ಹುಡುಕಿಕೊಂಡು ಹೋದದ್ದು ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಇರುವ, ಹಾಗಾಗಿ ಎರಡೂ ಕಡೆಯಿಂದ ದೋಷ ಪಡೆದಿರಬಹುದಾದ ಮಕ್ಕಳನ್ನು. ಬಾಂದುಕಲ್ಲಿನ ವಿಚಾರ ಬಂದ ಮೇಲೆ ಇಡೀ ವಂಶದ ರಕ್ತವೇ ಬೇಕಾಯಿತು.

ಆ ಜನ ಯಾಕೆ ಕೊಡಬೇಕು? ಈ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲೋಣ. ದೂರದ ಶ್ರೀಮಂತ ದೇಶದಿಂದ ಬಿಳಿ ಮೈಯವರು ಸೂಜಿ ಹಿಡಿದು ಬಂದಿದ್ದಾರೆ. ರಕ್ತ ಕೊಡಿ, ಚರ್ಮದ ಸಣ್ಣ ಚೂರು ಕೊಡಿ ಅನ್ನುತ್ತಾರೆ. ಬದಲಿಗೆ ಔಷಧ ಕೊಡುತ್ತೀರಾ ಅಂದರೆ ಈ ಕಾಯಿಲೆಗೆ ಔಷಧವೇ ಇಲ್ಲ ಅನ್ನುತ್ತಾರೆ. ಯಾವ ಊರಿನವರಾದರೂ ಬಾಗಿಲು ಹಾಕಿಕೊಳ್ಳುತ್ತಾರೆ. ದಂಡೆಯವರಲ್ಲೂ ಹಿಂಜರಿಕೆ ಇತ್ತು. ಈ ಕೇಡು ಜಗತ್ತಿನಲ್ಲಿ ತಮಗೊಬ್ಬರಿಗೇ ಅಂಟಿದ್ದು ಎಂದು ಅವರಲ್ಲಿ ಬಹಳ ಜನ ನಂಬಿದ್ದರು.

ನ್ಯಾನ್ಸಿ ತನ್ನ ತಾಯಿಯ ವಿಷಯ ಹೇಳಿದರು. ತಾನೂ ರಕ್ತ, ಚರ್ಮ ಕೊಟ್ಟಿದ್ದೇನೆ ಎಂದರು. ತಂಡದಲ್ಲಿದ್ದ ಫಿಡೆಲಾ ಗೋಮೆಜ್ ಎಂಬ ದಾದಿ ನ್ಯಾನ್ಸಿಯ ತೋಳು ಹಿಡಿದೆತ್ತಿ, ಚರ್ಮ ತೆಗೆದ ಜಾಗದ ಕಲೆಯನ್ನು ಎಲ್ಲರಿಗೂ ತೋರಿಸುತ್ತಾ ಓಡಾಡಿದರು: ನೋಡಿ, ಇವಳಿಗೂ ಗುರುತು ಇದೆ! ಈಕೆ ನಮ್ಮವಳೇ ಎಂದು ಆಮೇಲೆ ಜನ ಒಪ್ಪಿದರು. ತೋಳು ಚಾಚಿದರು. ವರ್ಷ ವರ್ಷವೂ ಚಾಚಿದರು. ತಂಡ ಹೋದಾಗ ಬೇರೆ ಕಾಯಿಲೆಗಳಿಗೆ ತಪಾಸಣೆ, ಮಾತ್ರೆ ಕೊಡುತ್ತಿತ್ತು. 2002ರ ತನಕ ಹೀಗೇ ನಡೆದು, ಕೊನೆಗೆ ಸಿಕ್ಕ ಲೆಕ್ಕ: ಹತ್ತು ತಲೆಮಾರು, 18,000ಕ್ಕೂ ಹೆಚ್ಚು ಜನರ ವಂಶವೃಕ್ಷ, 4,000ಕ್ಕೂ ಹೆಚ್ಚು ರಕ್ತದ ಮಾದರಿ.

ರಕ್ತ ವಿಮಾನದಲ್ಲಿ ಬಾಸ್ಟನ್‌ಗೆ ಹೋಗುತ್ತಿತ್ತು. ಅಲ್ಲಿ ಜೇಮ್ಸ್ ಗುಸೆಲ್ಲಾ ಎಂಬ ಯುವ ವಿಜ್ಞಾನಿ ಒಂದೊಂದೇ ಬಾಂದುಕಲ್ಲು ಇಟ್ಟು ನೋಡುತ್ತಿದ್ದ. ನೂರಾರು ನೋಡಬೇಕಾದೀತು ಎಂದುಕೊಂಡಿದ್ದವನಿಗೆ ಮೊದಲ ಹನ್ನೆರಡರಲ್ಲೇ ಒಂದು ಸಿಕ್ಕಿತು! ಅದೃಷ್ಟ ಎನ್ನದೆ ಬೇರೆ ದಾರಿಯಿಲ್ಲ. ಆದರೆ ಅದು ಅದೃಷ್ಟವೋ ಭ್ರಮೆಯೋ ಎಂದು ಖಚಿತವಾಗಲು ಬೇಕಾದದ್ದು ದಂಡೆಯವರ ದೊಡ್ಡ ವಂಶ. 1983ರ ನವೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು: ಹಂಟಿಂಗ್ಟನ್ ಜೀನ್ ನಾಲ್ಕನೇ ವರ್ಣತಂತುವಿನಲ್ಲಿದೆ. ಎಲ್ಲಿದೆ ಎಂದೇ ಗೊತ್ತಿಲ್ಲದ ಕಾಯಿಲೆಯ ಜೀನೊಂದನ್ನು ಬರೀ ಡಿಎನ್‌ಎ ಗುರುತಿನಿಂದ ಹೀಗೆ ಪತ್ತೆ ಹಚ್ಚಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಇದು. ಮುಂದೆ ಎಷ್ಟೋ ಕಾಯಿಲೆಗಳ ಜೀನ್ ಹುಡುಕಿದ್ದು ಇದೇ ದಾರಿಯಲ್ಲಿ.

ಊರು ಸಿಕ್ಕಿತು, ಮನೆ ಸಿಗಲಿಲ್ಲ. ಮನೆ ಸಿಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಅಮೆರಿಕ, ಬ್ರಿಟನ್‌ನ ಆರು ಪ್ರಯೋಗಾಲಯದ ತಂಡಗಳನ್ನು ಪ್ರತಿಷ್ಠಾನ ಒಂದೇ ನೊಗಕ್ಕೆ ಹೂಡಿತು. ವಿಜ್ಞಾನಿಗಳೆಂದರೆ ಒಬ್ಬರ ಮುಂದೆ ಒಬ್ಬರು ಓಡುವವರು. ಸಿಕ್ಕಿದ್ದನ್ನು ಬಚ್ಚಿಡದೆ ಹಂಚಿಕೊಳ್ಳಿ ಎಂದು ಅವರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. 1993ರ ಮಾರ್ಚ್‌ನಲ್ಲಿ ಜೀನ್ ಸಿಕ್ಕಾಗ 58 ಜನ ಒಂದೇ ಗುಂಪಿನ ಹೆಸರಿನಲ್ಲಿ ವರದಿ ಪ್ರಕಟಿಸಿದರು. ನನ್ನ ಪ್ರಕಾರ ಪ್ರತಿಷ್ಠಾನದ ಅತಿ ದೊಡ್ಡ ಸಾಧನೆ ದುಡ್ಡು ಹಂಚಿದ್ದಲ್ಲ, ಇದೇ.

ಕಾಯಿಲೆ ಏನು ಅಂತಲೂ ಆಗ ತಿಳಿಯಿತು. ಡಿಎನ್‌ಎ ಅಂದರೆ ನಾಲ್ಕೇ ಅಕ್ಷರದ ಬರಹ. ನಮ್ಮೆಲ್ಲರಲ್ಲೂ ಇರುವ ಆ ಜೀನಿನಲ್ಲಿ ಸಿ-ಎ-ಜಿ ಎಂಬ ಮೂರಕ್ಷರ ಬೆನ್ನುಬೆನ್ನಿಗೆ ಹತ್ತಿಪ್ಪತ್ತು ಸಲ ಬರುತ್ತದೆ. 26ರ ತನಕ ಚಿಂತೆಯಿಲ್ಲ. ತೊದಲುವವರ ಮಾತಿನಂತೆ ಅದು 40 ಸಲ, ಅದಕ್ಕೂ ಮಿಗಿಲಾಗಿ ಬಂದರೆ ಬದುಕಿದ್ದಷ್ಟರಲ್ಲಿ ಕಾಯಿಲೆ ಖಂಡಿತ. ಎಣಿಕೆ ಹೆಚ್ಚಾದಷ್ಟೂ ಕಾಯಿಲೆ ಬೇಗ. ಶಾಪವೂ ಅಲ್ಲ, ನಾವಿಕನ ಪಾಪವೂ ಅಲ್ಲ.

ಇಷ್ಟಾದ ಮೇಲೆ ರಕ್ತ ಪರೀಕ್ಷೆ ಸುಲಭವಾಯಿತು. ನಿಮಗೆ ಬರುತ್ತದೋ ಇಲ್ಲವೋ ಎಂದು ಇಪ್ಪತ್ತನೇ ವಯಸ್ಸಿನಲ್ಲೇ ಹೇಳಿಬಿಡಬಹುದು. ಪರೀಕ್ಷೆಗಾಗಿ ಊರೂರು ಅಲೆದ ನ್ಯಾನ್ಸಿ ತಾವು ಮಾಡಿಸಿಕೊಳ್ಳಲಿಲ್ಲ. ಔಷಧವಿಲ್ಲದ ಕಾಯಿಲೆಯ ದಿನಾಂಕ ತಿಳಿದು ಏನು ಮಾಡುವುದು ಎಂಬ ಪ್ರಶ್ನೆ ಅವರಿಗೂ ಎದುರಾಯಿತು. ಇಂಥ ಕುಟುಂಬಗಳಲ್ಲಿ ಇವತ್ತಿಗೂ ಹೆಚ್ಚಿನವರು ಪರೀಕ್ಷೆ ಬೇಡ ಎಂದೇ ಇದ್ದಾರೆ.

ಇನ್ನು ದಂಡೆಯವರ ಕತೆ. ಪತ್ರಿಕೆಗೆ ಸುದ್ದಿ ಕಳಿಸುವವರಿಗೆ ಗೊತ್ತು, ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಕೊನೆಯ ಪ್ಯಾರಾಕ್ಕೆ. 1983ರ, 1993ರ ಸಾಧನೆಯ ಕತೆ ಹೇಳುವಾಗ ಈ ಮೀನುಗಾರರು ಬಹಳ ಸಲ ಆ ಕೊನೆಯ ಪ್ಯಾರಾದಲ್ಲಿರುತ್ತಾರೆ. ಪ್ರತಿಷ್ಠಾನ ಏನೂ ಮಾಡಲಿಲ್ಲ ಎಂದರೆ ಅನ್ಯಾಯ. 1999ರಲ್ಲಿ ಸಾನ್ ಲೂಯಿಸ್‌ನಲ್ಲಿ ಅದರ ನೆರವಿನಿಂದ 'ಕಾಸಾ ಓಗಾರ್' ಎಂಬ ಆರೈಕೆ ಮನೆ ತೆರೆಯಿತು. ರೋಗಿಗಳಿಗೆ ಊಟ, ಹಾಸಿಗೆ, ವೈದ್ಯರು ಸಿಕ್ಕರು. ಮುಂದೆ ಅದು ಮುಚ್ಚಿತು. ತಂಡ ಬರುವುದು ನಿಂತಿತು. ಆಮೇಲೆ ವೆನೆಜುವೆಲಾದ ಆರ್ಥಿಕತೆಯೇ ಕುಸಿಯಿತು. ಈ ಕಾಯಿಲೆಯವರಿಗೆ ಮೈ ಸದಾ ಅಲುಗುವುದರಿಂದ ಬೇರೆಯವರಿಗಿಂತ ಹೆಚ್ಚು ಊಟ ಬೇಕು. ಇದ್ದವರಿಗೇ ಊಟ ಸಿಗದ ಕಾಲದಲ್ಲಿ ಇವರ ಪಾಡು ಹೇಗಿದ್ದಿರಬೇಕು, ಊಹಿಸಿ.

ಸಂಶೋಧನೆಗೆಂದು ಹುಟ್ಟಿದ ಸಂಸ್ಥೆಯ ಹಣ ಸಂಶೋಧನೆಗೇ ಹೋಗಬೇಕು, ಔಷಧ ಸಿಕ್ಕರೆ ಎಲ್ಲರಿಗೂ ಸಿಕ್ಕಂತೆ ಎನ್ನುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಮಾರ್ಜೊರಿ ಗತ್ರಿಯ ದಾರಿ ನೆನಪಾಗುತ್ತದೆ. ಬಾಸ್ಟನ್ನಿನ ಪ್ರಯೋಗಾಲಯಕ್ಕೆ ಕಾಯುವ ಶಕ್ತಿ ಇತ್ತು. ಬರಾಂಕ್ವಿಟಾಸ್‌ನ ಜೋಪಡಿಗೆ ಇರಲಿಲ್ಲ. ಈ ಊರುಗಳಿಗೆ ಊಟ, ಬಟ್ಟೆ, ಆರೈಕೆ ಮುಟ್ಟಿಸಲೆಂದೇ 2012ರಲ್ಲಿ 'ಫ್ಯಾಕ್ಟರ್-ಎಚ್' ಎಂಬ ಬೇರೊಂದು ಚಿಕ್ಕ ಸಂಸ್ಥೆ ಹುಟ್ಟಿತು. ಅದನ್ನು ಶುರು ಮಾಡಿದ್ದು ಹಂಟಿಂಗ್ಟನ್ ಔಷಧ ಹುಡುಕುವ ಕೆಲಸದಲ್ಲಿದ್ದ ವಿಜ್ಞಾನಿ ಇಗ್ನಾಸಿಯೋ ಮುನ್ಯೋಸ್-ಸಾನ್‌ಹ್ವಾನ್. 2017ರ ಮೇ 18ರಂದು ವೆನೆಜುವೆಲಾ, ಕೊಲಂಬಿಯಾ, ಅರ್ಜೆಂಟೀನಾಗಳ ಬಡ ಕುಟುಂಬಗಳನ್ನು ರೋಮ್‌ಗೆ ಕರೆದೊಯ್ದರು. ಪೋಪ್ ಫ್ರಾನ್ಸಿಸ್ ಅವರನ್ನು ಒಬ್ಬೊಬ್ಬರನ್ನಾಗಿ ಅಪ್ಪಿಕೊಂಡರು. ಇನ್ನು ಯಾರೂ ಮರೆಯಲ್ಲಿ ಇರಬಾರದು ಎಂಬುದೇ ಆ ಸಭೆಯ ಘೋಷಣೆ. ಕುಡುಕ, ಹುಚ್ಚ, ಶಾಪಗ್ರಸ್ತ ಎನ್ನಿಸಿಕೊಂಡು ಮನೆಯೊಳಗೇ ಕೂತಿದ್ದವರಿಗೆ ಅದು ಸಣ್ಣ ಮಾತಲ್ಲ.

ಮಿಲ್ಟನ್ ವೆಕ್ಸ್ಲರ್ 2007ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆಲಿಸ್ ಇತಿಹಾಸಕಾರ್ತಿಯಾಗಿ ತಮ್ಮ ಮನೆಯ ಕತೆಯನ್ನು ಪುಸ್ತಕವಾಗಿ ಬರೆದರು. 2020ರಲ್ಲಿ ನ್ಯಾನ್ಸಿ, 74ನೇ ವಯಸ್ಸಿನಲ್ಲಿ, ತನಗೂ ಹಂಟಿಂಗ್ಟನ್ ಇದೆ ಎಂದು ಬಹಿರಂಗವಾಗಿ ಹೇಳಿದರು. ಅಷ್ಟು ಹೊತ್ತಿಗೆ ಅವರ ನಡಿಗೆ ನೋಡಿದವರಿಗೆ ಅದು ಗೊತ್ತಾಗುವಂತಿತ್ತು.

ಔಷಧದ ವಿಷಯ? ಮೈ ಕುಣಿತ ತಗ್ಗಿಸುವ ಟೆಟ್ರಾಬೆನಜಿನ್ ಮಾತ್ರೆಗೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕುಣಿತಕ್ಕೆ ಮಾತ್ರ, ಕಾಯಿಲೆಯನ್ನು ತಡೆಯುವುದಿಲ್ಲ. ಮಂಕುತನ ಹೆಚ್ಚಿಸುವ ಅಪಾಯವೂ ಇದೆ, ವೈದ್ಯರ ಕಣ್ಣಳತೆಯಲ್ಲೇ ನುಂಗಬೇಕು. ಬಹಳ ನಿರೀಕ್ಷೆ ಹುಟ್ಟಿಸಿದ್ದ ಇನ್ನೊಂದು ಔಷಧದ ಪ್ರಯೋಗವನ್ನು 2021ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಯುನಿಕ್ಯೂರ್ ಕಂಪನಿ, ತನ್ನ ಜೀನ್ ಚಿಕಿತ್ಸೆಯ ಹೆಚ್ಚಿನ ಪ್ರಮಾಣ ಪಡೆದ ಹನ್ನೆರಡು ರೋಗಿಗಳಲ್ಲಿ ಮೂರು ವರ್ಷದ ಹೊತ್ತಿಗೆ ಕಾಯಿಲೆಯ ವೇಗ ಶೇ. 75ರಷ್ಟು ತಗ್ಗಿದೆ ಎಂದು ಪ್ರಕಟಿಸಿತು. ಹನ್ನೆರಡು ಜನ ಎಂಬುದನ್ನು ಗಮನಿಸಿ. ತಲೆಬುರುಡೆ ಕೊರೆದು ಮೆದುಳಿನ ಆಳಕ್ಕೆ ಮದ್ದು ಹಾಕುವ, ಗಂಟೆಗಟ್ಟಲೆ ನಡೆಯುವ ಶಸ್ತ್ರಚಿಕಿತ್ಸೆ ಅದು. ದೋಣಿಯಲ್ಲಿ ಹೋಗುವ ಊರಿಗೆ ಅದು ಯಾವಾಗ, ಹೇಗೆ ತಲುಪೀತು ಎಂದು ಕೇಳಿದರೆ ಸದ್ಯಕ್ಕೆ ಉತ್ತರ ಕೊಡುವವರಿಲ್ಲ.

ಹಂಟಿಂಗ್ಟನ್ ನಮ್ಮ ದೇಶದಲ್ಲೂ ಇದೆ, ನಮ್ಮ ರಾಜ್ಯದಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕುಟುಂಬಗಳನ್ನು ವರ್ಷಗಳಿಂದ ನೋಡುತ್ತಿದ್ದಾರೆ, ಸಿ-ಎ-ಜಿ ಎಣಿಸುವ ರಕ್ತ ಪರೀಕ್ಷೆಯೂ ಇದೆ. ನಿಮ್ಮ ಪೈಕಿ ಯಾರದಾದರೂ ಮನೆಯಲ್ಲಿ ತಂದೆಗೆ, ಆಮೇಲೆ ಮಗನಿಗೋ ಮಗಳಿಗೋ ನಡುವಯಸ್ಸಿನಲ್ಲಿ ಮೈ ಕುಣಿಯುವುದು, ನಡಿಗೆ ತಪ್ಪುವುದು, ಸ್ವಭಾವ ಬದಲಾಗುವುದು ಕಂಡಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಅಜ್ಜ ಅಜ್ಜಿಯ ಕಾಲದ ವಿಷಯ ವೈದ್ಯರು ಕೇಳಿಯೇ ಕೇಳುತ್ತಾರೆ. ಲಕ್ಷಣವಿಲ್ಲದವರ ಪರೀಕ್ಷೆಗೆ ಜಗತ್ತೆಲ್ಲ ಒಪ್ಪಿದ ನಿಯಮಗಳಿವೆ: ಮೊದಲು ಆಪ್ತ ಸಮಾಲೋಚನೆ ಆಗಬೇಕು, ಹದಿನೆಂಟು ತುಂಬದ ಮಕ್ಕಳಿಗೆ ಮಾಡುವಂತಿಲ್ಲ, ಮನೆಯವರಾಗಲಿ ಬೀಗರಾಗಲಿ ಒತ್ತಾಯ ಮಾಡುವಂತಿಲ್ಲ. ರಕ್ತ ಕೊಟ್ಟು ಫಲಿತಾಂಶ ಬಂದ ಮೇಲೂ, ನನಗೆ ತಿಳಿಯುವುದು ಬೇಡ ಎಂದು ಎದ್ದು ಬರಬಹುದು.